ಪೈಲ್ವಾನನ ಸೊಂಟ ಹಿಡಿದಾಗ

ಕುಸ್ತಿಯಲ್ಲಿ ಸೊಂಟಕ್ಕೆ ಪೆಟ್ಟಾಗುವುದು ಬಿದ್ದವನಿಗೆ ಮಾತ್ರವಲ್ಲ, ಎಷ್ಟೋ ಸಲ ಎತ್ತಲು ಹೋದವನಿಗೆ. ಎದುರಾಳಿ ಮಣ್ಣಿಗೆ ಕಚ್ಚಿಕೊಂಡು ಬೋರಲು ಮಲಗಿರುತ್ತಾನೆ. ಅವನ ನಡುವಿಗೆ ಕೈ ಹಾಕಿ, ಬಗ್ಗಿದ ಹಾಗೇ ಮೇಲೆತ್ತಿ, ಪಕ್ಕಕ್ಕೆ ತಿರುವಿ ಚಿತ್ ಮಾಡಬೇಕು. ಎಂಬತ್ತು ತೊಂಬತ್ತು ಕೆ.ಜಿ. ತೂಗುವ, ಏಳಲು ಸುತರಾಂ ಒಪ್ಪದ ಮೈ ಅದು. ಬಾಗು, ಭಾರ, ತಿರುವು ಮೂರೂ ಒಂದೇ ಗಳಿಗೆಯಲ್ಲಿ ಬೆನ್ನಿನ ಕೆಳಭಾಗದ ಮೇಲೆ ಬೀಳುತ್ತವೆ. ಅಷ್ಟರಲ್ಲಿ ಒಳಗೆಲ್ಲೋ ಚಳುಕು ಹೊಡೆಯುತ್ತದೆ. ಪೈಲ್ವಾನ್ ಇದ್ದಲ್ಲೇ ನಿಂತುಬಿಡುತ್ತಾನೆ. ಬಗ್ಗಲಾರ, ನೆಟ್ಟಗಾಗಲಾರ, ಜೋರಾಗಿ ಉಸಿರೆಳೆದುಕೊಳ್ಳಲೂ ಆರ.

ಮೈಸೂರಿನವರು ಇದಕ್ಕೆ ಸೊಂಟ ಹಿಡಿದುಕೊಂಡಿತು ಎನ್ನುತ್ತಾರೆ, ಉಳುಕಿತು ಎನ್ನುತ್ತಾರೆ. ಹಳಬರಾದರೆ ನರ ಹೊರಳಿದೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ಊರಿಗೆ ಎಕ್ಸ್‌ರೇ ಬರುವುದಕ್ಕೂ, ಫಿಸಿಯೋಥೆರಪಿ ಎಂಬ ಮಾತು ಕಿವಿಗೆ ಬೀಳುವುದಕ್ಕೂ ಎಷ್ಟೋ ಮೊದಲಿನಿಂದ ಇಲ್ಲಿ ಜನ ಸೆಣಸುತ್ತಿದ್ದರು, ಬೀಳುತ್ತಿದ್ದರು, ಮತ್ತೆ ಎದ್ದು ಕಣಕ್ಕಿಳಿಯುತ್ತಿದ್ದರು. ಏಳಿಸುವ ಹೊಣೆ ಯಾರದಾಗಿತ್ತು ಎಂದು ಹುಡುಕುತ್ತ ಹೋದರೆ ಸಿಗುವ ಉತ್ತರ ಗಮನಿಸತಕ್ಕದ್ದು. ಬೀಳಿಸುವ ವಿದ್ಯೆ ಕಲಿಸಿದವರೇ ಬಿದ್ದವನ ಮೈಯನ್ನೂ ನೋಡಿಕೊಳ್ಳುತ್ತಿದ್ದರು. ಆಟದ ಮನೆಯೇ ಚಿಕಿತ್ಸೆಯ ಮನೆಯೂ ಆಗಿತ್ತು. ಮೈಸೂರಿನ ಗರಡಿಗಳ ಚರಿತ್ರೆಯನ್ನು ರಾಜರ ಪೋಷಣೆ, ದಸರಾ ಜೋಡಿ, ಬೆಳ್ಳಿ ಗದೆಗಳ ಕಥೆಯಾಗಿ ಹೇಳುವುದು ವಾಡಿಕೆ. ಗಾಯಗೊಂಡ ಮೈಯ ಕಡೆಯಿಂದ ನೋಡಿದಾಗ ಅದೇ ಚರಿತ್ರೆಗೆ ಬೇರೊಂದು ಮುಖ ಕಾಣುತ್ತದೆ.

ನಜರ್‌ಬಾದ್, ಕ್ಯಾತಮಾರನಹಳ್ಳಿ, ಕುಂಬಾರಕೊಪ್ಪಲು, ರಾಮಾನುಜ ರಸ್ತೆ, ಕೆ.ಆರ್. ಮೊಹಲ್ಲಾ, ಹೀಗೆ ಹಳೆಯ ಮೈಸೂರಿನ ಯಾವ ಭಾಗದ ಹೆಸರೆತ್ತಿದರೂ ಕುಸ್ತಿಯ ಮಾತು ಬಂದೇ ಬರುತ್ತದೆ. ಗರಡಿಗಳಿಗೆ ದೇವರ ಹೆಸರಿದೆ, ಉಸ್ತಾದರ ಹೆಸರಿದೆ. ಉಸ್ತಾದರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು. ಯಾರ ಗರಡಿಯಾದರೂ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ತಲೆ ತಗ್ಗಿಸಿಯೇ ಒಳಹೋಗಬೇಕಾದ ಸಣ್ಣ ಬಾಗಿಲು, ದಪ್ಪ ಗೋಡೆ, ಗಾಳಿ ಬೆಳಕು ಕಮ್ಮಿ. ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ, ಕರ್ಲ, ಕಲ್ಲಿನ ಗುಂಡು. ನಟ್ಟನಡುವೆ ಮಣ್ಣು.

ಆ ಮಣ್ಣನ್ನು ಹತ್ತಿರದಿಂದ ನೋಡಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲುಹರಳು ಒಂದೂ ಉಳಿಯದಂತೆ ಆರಿಸಿ, ಎಣ್ಣೆ, ತುಪ್ಪ, ಅರಿಶಿನ, ಕುಂಕುಮ, ನಿಂಬೆರಸ ಬೆರೆಸಿ ಹದಮಾಡುತ್ತಾರೆ. ಕೈಗೆ ತೆಗೆದುಕೊಂಡರೆ ಪುಡಿಯಂತೆ ಉದುರಬೇಕು, ಹಿಡಿದು ಒತ್ತಿದರೆ ಮುದ್ದೆಯಾಗಿ ನಿಲ್ಲಬೇಕು. ಆಟಕ್ಕೆ ಮೊದಲು ಗುದ್ದಲಿಯಿಂದ ಅಗೆದು ಸಡಿಲ ಮಾಡುವುದು, ಒಣಗಿದ್ದರೆ ನೀರು ಚಿಮುಕಿಸುವುದು ಶಿಷ್ಯರ ಪಾಲಿನ ಕೆಲಸ. ಇದನ್ನೆಲ್ಲ ಪೂಜೆಯ ಭಾಗವೆಂದು ನೋಡಿ ಸುಮ್ಮನಾಗುವವರೇ ಹೆಚ್ಚು. ಆದರೆ ಬೆನ್ನಿನ ಕಡೆಯಿಂದ ಯೋಚಿಸಿದರೆ ಗರಡಿಯ ಮೊದಲ ರಕ್ಷಣೆಯೇ ಈ ಅಗೆತ. ಗಟ್ಟಿ ನೆಲದ ಮೇಲೆ ಸೊಂಟ ಅಪ್ಪಳಿಸುವುದಕ್ಕೂ ಗೇಣುದ್ದ ಸಡಿಲ ಮಣ್ಣಿನ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸ ಬಿದ್ದವನಿಗೆ ಚೆನ್ನಾಗಿ ಗೊತ್ತು. ಗಾಳಿ ಆಡದ ಕೋಣೆಗೂ ಅರ್ಥವಿದೆ. ಮೈ ಕಾದಮೇಲೆ ತಣ್ಣನೆ ಗಾಳಿ ಸೋಕಿ ಸ್ನಾಯು ಬಿಗಿಯಬಾರದು ಎಂಬ ಎಚ್ಚರ ಅದರಲ್ಲಿದೆ.

ಎರಡನೆಯ ರಕ್ಷಣೆ ಸಾಮು. ಹೊಸ ಹುಡುಗನಿಗೆ ಉಸ್ತಾದರು ಬಂದ ದಿನವೇ ಪಟ್ಟು ಹೇಳಿಕೊಡುವುದಿಲ್ಲ. ಮೊದಲು ಬಸ್ಕಿ, ಆಮೇಲೆ ದಂಡ. ಬಸ್ಕಿ ಹೊಡೆದಷ್ಟೂ ತೊಡೆ ಬಲಿಯುತ್ತದೆ. ತೊಡೆ ಬಲಿತವನು ಎದುರಾಳಿಯನ್ನು ಕಾಲಿನ ಬಲದಿಂದ ಎತ್ತುತ್ತಾನೆ, ಸೊಂಟದ ಮೇಲೆ ಭಾರ ಹಾಕುವುದಿಲ್ಲ. ದಂಡದಲ್ಲಿ ಎದೆ ನೆಲಕ್ಕೆ ಸವರಿದಂತೆ ಮುಂದೆ ಸಾಗಿ, ಕೈ ನೆಟ್ಟಗಾಗುತ್ತಿದ್ದಂತೆ ಬೆನ್ನು ಹಿಂದಕ್ಕೆ ಬಾಗುತ್ತದೆ. ಈ ಚಲನೆಯ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

ಇಂಥ ಶಿಸ್ತು ಈ ನಾಡಿನಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸಬೇಕೆಂದೂ ಅವರ ಊಟ, ವ್ಯಾಯಾಮ ಹೇಗಿರಬೇಕೆಂದೂ ಅಲ್ಲಿ ಹೇಳಿದೆ. ಸರಿಸಮನಲ್ಲದ ಜೋಡಿ ಕಟ್ಟಿದರೆ ಮೈ ಮುರಿಯುತ್ತದೆಂಬ ತಿಳಿವಳಿಕೆ ಆಗಲೇ ಇತ್ತು. ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಲ್ಲರು ಹಲ್ಲು ಮುರಿದುಕೊಂಡು, ಮುಖ ಜಜ್ಜಿಸಿಕೊಂಡು, ಮಾತೂ ಆಡಲಾಗದ ಸ್ಥಿತಿಯಲ್ಲಿ ಗೆಳೆಯರ ಕೈಯಲ್ಲಿ ಹೊರಗೆ ಸಾಗುತ್ತಿದ್ದುದನ್ನು ಬರೆದಿದ್ದಾನೆ. ಹೊತ್ತುಕೊಂಡು ಹೋದ ಆ ಗೆಳೆಯರು ಮುಂದೇನು ಮಾಡಿದರೆಂಬುದು ಅವನ ಕಣ್ಣಿಗೆ ಬೀಳಲಿಲ್ಲ. ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣೆಯಾಗಿರುವುದೂ ಅದೇ ಭಾಗ.

ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದಾಗ ಮಲ್ಲರೂ ಅದರ ಜೊತೆಯಲ್ಲಿ ಬಂದರು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿ ಎಂದೇ ಜನರ ಬಾಯಲ್ಲಿ ಉಳಿದಿದ್ದಾರೆ. ಅವರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ, ಊರಬಾಗಿಲಿಗೆ ಚಡ್ಡಿ ಕಟ್ಟಿ ಸವಾಲು ಹಾಕಿದ್ದ ಮಲ್ಲನನ್ನು ಸೋಲಿಸಿದ ಕಥೆ ಮೈಸೂರು ಸೀಮೆಯ ಮಕ್ಕಳಿಗೂ ಗೊತ್ತು. ಅರಸನೇ ಮಣ್ಣಿಗಿಳಿದ ನೆನಪಿರುವ ಊರಿನಲ್ಲಿ ಪೈಲ್ವಾನನಿಗೆ ಮರ್ಯಾದೆ ಸಿಕ್ಕಿದ್ದು ಸಹಜ.

ಆದರೆ ಈ ಕಥೆಯ ಮುಖ್ಯ ಪಾತ್ರಧಾರಿಗಳು ಜೆಟ್ಟಿಗಳು. ಜ್ಯೇಷ್ಠಿಮಲ್ಲರೆಂದೂ ಕರೆಸಿಕೊಳ್ಳುವ ಈ ಸಮುದಾಯಕ್ಕೆ ಮಲ್ಲವಿದ್ಯೆಯೇ ಕುಲವೃತ್ತಿ. 'ಮಲ್ಲಪುರಾಣ' ಎಂಬ ಸಂಸ್ಕೃತ ಗ್ರಂಥ ಇವರ ಪರಂಪರೆಯದು. ಕಂಬದ ಮೇಲಿನ ಕಸರತ್ತು, ಕಲ್ಲಿನ ಬಳೆ ಎತ್ತುವುದು, ಗದೆ ತಿರುಗಿಸುವುದು ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಹೆಸರಿನ ಶ್ರಮಗಳಿವೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ನಡೆಯುವ ವಜ್ರಮುಷ್ಟಿ ಕಾಳಗ ಇವರದೇ. ತಲೆ ಬೋಳಿಸಿಕೊಂಡು, ಕಾಚ ಬಿಗಿದು, ಬೆರಳುಗಳಿಗೆ ಮೊನಚಾದ ಮುಷ್ಟಿಯಾಯುಧ ತೊಟ್ಟು ಎರಡು ಜೋಡಿ ಜೆಟ್ಟಿಗಳು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಿಸುತ್ತಾರೆ. ಆಮೇಲೆಯೇ ಅರಮನೆಯ ವಿಜಯಯಾತ್ರೆ ಹೊರಡುವುದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲಿ ಜೆಟ್ಟಿಗಳಿಗೂ, ಮೈಸೂರಿನ ಈ ಕಾಳಗಕ್ಕೂ ಜಾಗ ಸಿಕ್ಕಿದೆ.

ಇದೇ ಜೆಟ್ಟಿಗಳು ಕೀಲು ತಪ್ಪಿದ್ದನ್ನು ಕೂರಿಸುವುದರಲ್ಲೂ, ಉಳುಕು ತೆಗೆಯುವುದರಲ್ಲೂ ಹೆಸರಾಗಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ಎದುರಾಳಿಯ ಭುಜ ಯಾವ ಕೋನದಲ್ಲಿ ತಪ್ಪುತ್ತದೆಂದು ಬಲ್ಲವನಿಗೆ ಅದನ್ನು ಯಾವ ಕೋನದಲ್ಲಿ ಎಳೆದರೆ ಮರಳಿ ಕೂರುತ್ತದೆಂಬುದೂ ತಿಳಿದಿರುತ್ತದೆ. ಹಿಂದಿನ ಕಾಲದ ನಾಟಿವೈದ್ಯನಿಗೆ ಒಡಲಿನ ಒಳಗನ್ನು ಕಾಣುವ ಸಾಧನವಿರಲಿಲ್ಲ. ಆದರೆ ಗರಡಿಯ ಮನುಷ್ಯ ದಿನವೂ ಹತ್ತಾರು ಮೈಗಳನ್ನು ಹಿಡಿದು, ತಿರುವಿ, ಒತ್ತಿ, ಎತ್ತಿ ನೋಡುತ್ತಿದ್ದ. ಆ ಕೈಗೆ ಬಂದ ಅರಿವು ಪುಸ್ತಕದಿಂದ ಬರುವಂಥದ್ದಲ್ಲ.

ಸೊಂಟ ಹಿಡಿದವನಿಗೆ ಗರಡಿಯಲ್ಲಿ ನಡೆಯುತ್ತಿದ್ದ ಉಪಚಾರದಲ್ಲಿ ಮೊದಲನೆಯದು ಎಣ್ಣೆ. ಎಳ್ಳೆಣ್ಣೆಯನ್ನೋ ಹರಳೆಣ್ಣೆಯನ್ನೋ ಬೆಚ್ಚಗೆ ಮಾಡಿ ಬೆನ್ನಿಗೆ ಹಚ್ಚಿ, ಅಂಗೈಯ ಬುಡದಿಂದ ಬೆನ್ನೆಲುಬಿನ ಎರಡೂ ಬದಿ ಉಜ್ಜುವುದು. ಮಾಲೀಸು ಗರಡಿಯ ದಿನಚರಿಯಲ್ಲೇ ಇದ್ದದ್ದರಿಂದ ನೋವಿನ ದಿನಕ್ಕೆಂದು ಅದನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅದಾದ ಮೇಲೆ ಶಾಖ. ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಹಂಚಿನ ಮೇಲೆ ಕಾಯಿಸಿ ಒತ್ತುವುದು, ಎಕ್ಕದ ಎಲೆಗೆ ಎಣ್ಣೆ ಸವರಿ ಬಾಡಿಸಿ ಇಡುವುದು, ಲಕ್ಕಿ ಸೊಪ್ಪು ಕುದಿಸಿದ ನೀರು ಹುಯ್ಯುವುದು ಮನೆಮನೆಯಲ್ಲೂ ಇದ್ದ ಕ್ರಮ. ಊತವಿದ್ದರೆ ಹುಣಸೆಹಣ್ಣು ಉಪ್ಪಿನ ಪಟ್ಟು. ಗರಡಿಯ ಮಣ್ಣಿಗೇ ಗುಣವಿದೆಯೆಂಬ ನಂಬಿಕೆಯೂ ಗಟ್ಟಿಯಾಗಿತ್ತು. ದಣಿದ ಪೈಲ್ವಾನರು ಮೈತುಂಬ ಮಣ್ಣು ಬಳಿದುಕೊಂಡು ಅದರಲ್ಲೇ ಹೊರಳಿ ವಿಶ್ರಮಿಸುವುದನ್ನು ಈಗಲೂ ನೋಡಬಹುದು.

ಇವುಗಳಲ್ಲಿ ಮೂಳೆಯನ್ನು ಕೂಡಿಸುವ ಶಕ್ತಿ ಯಾವುದಕ್ಕೂ ಇಲ್ಲ. ಆದರೆ ಸೊಂಟ ಹಿಡಿದ ಹೆಚ್ಚಿನ ಪ್ರಸಂಗಗಳಲ್ಲಿ ಮೂಳೆಗೆ ಏನೂ ಆಗಿರುವುದೂ ಇಲ್ಲ. ಬೆನ್ನಿನ ಕೆಳಭಾಗದಲ್ಲಿ ಐದು ಕಶೇರುಕಗಳಿವೆ. ಅವುಗಳ ಸುತ್ತಲಿನ ಸ್ನಾಯು, ಕಟ್ಟುನಾರುಗಳಲ್ಲಿ ಒಂದು ಎಳೆ ಹರಿದರೂ ಉಳಿದ ಸ್ನಾಯುಗಳೆಲ್ಲ ಕಾವಲಿಗೆ ನಿಂತಂತೆ ಸೆಟೆದುಕೊಳ್ಳುತ್ತವೆ. ಮನುಷ್ಯನನ್ನು ಇದ್ದಲ್ಲೇ ನಿಲ್ಲಿಸುವುದು ಬಹುಮಟ್ಟಿಗೆ ಆ ಸೆಟೆತ. ಶಾಖ ಮತ್ತು ಹದವಾದ ಉಜ್ಜುವಿಕೆ ಸೆಟೆತವನ್ನು ಸಡಿಲಿಸುತ್ತವೆ, ನೋವು ತಗ್ಗುತ್ತದೆ. ಉಳಿದದ್ದನ್ನು ಕೆಲವು ವಾರಗಳಲ್ಲಿ ಮೈ ತಾನೇ ಮಾಡಿಕೊಳ್ಳುತ್ತದೆ. ಉಸ್ತಾದರ ಕೈಗುಣಕ್ಕೆ ಬಂದ ಕೀರ್ತಿಯಲ್ಲಿ ಒಂದು ಪಾಲು ಕಾಲದ್ದು. ಹಾಗೆಂದು ಅವರ ಪಾಲನ್ನು ಅಲ್ಲಗಳೆಯುವಂತಿಲ್ಲ. ಭಯಬಿದ್ದ ಹುಡುಗನಿಗೆ ಇದು ಹೋಗುತ್ತದೆ, ಹೆದರಬೇಡ ಎಂದು ಅನುಭವಿಯೊಬ್ಬ ಹೇಳುವುದೂ ಚಿಕಿತ್ಸೆಯೇ. ಬೆನ್ನುನೋವಿನಲ್ಲಿ ಭಯ ಹೆಚ್ಚಿದಷ್ಟೂ ಗುಣವಾಗುವುದು ನಿಧಾನವೆಂಬುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಅಪಾಯದ ಪದ್ಧತಿಗಳೂ ಇದ್ದವು. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆಂದು ನಂಬಿ ಅಂಥವರನ್ನು ಹುಡುಕಿಕೊಂಡು ಹೋಗುವ ರೂಢಿ ಹಳೆ ಮೈಸೂರಿನ ಹಳ್ಳಿಗಳಲ್ಲೂ ಊರಿನಲ್ಲೂ ಇತ್ತು. ಮೆಲ್ಲಗೆ ಕಾಲು ತಾಗಿಸಿ ಶಾಸ್ತ್ರ ಮುಗಿಸಿದರೆ ತೊಂದರೆಯಿಲ್ಲ. ನೋವಿನಲ್ಲಿರುವವನನ್ನು ಬೋರಲು ಮಲಗಿಸಿ ಬೆನ್ನ ಮೇಲೆ ನಿಲ್ಲುವುದು, ಎರಡೂ ತೋಳು ಹಿಡಿದೆತ್ತಿ ಝಾಡಿಸುವುದು, ಲಟಕ್ಕೆನ್ನುವವರೆಗೆ ಸೊಂಟ ತಿರುಚುವುದು ಮಾತ್ರ ಬೇರೆ. ಕಶೇರುಕಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತುತ್ತಿರುವಾಗ ಹೀಗೆ ಮಾಡಿದರೆ ಕಾಲಿನ ಬಲವೇ ಹೋಗಬಹುದು. ಹಿಡಿದದ್ದು ಸ್ನಾಯುವೋ, ಜಾರಿದ್ದು ಮೆತ್ತೆಯೋ, ಬಿರುಕು ಬಿಟ್ಟದ್ದು ಮೂಳೆಯೋ ಎಂದು ಬೇರ್ಪಡಿಸಿ ತಿಳಿಯುವ ದಾರಿ ಗರಡಿಗೆ ಇರಲಿಲ್ಲ. ಅದರ ವಿದ್ಯೆಯ ಎಲ್ಲೆ ಅಲ್ಲಿಗೆ ನಿಲ್ಲುತ್ತಿತ್ತು.

20ನೇ ಶತಮಾನ ಬಂದಾಗ ಮೈಸೂರಿನಲ್ಲಿ ಗಾಯಗೊಂಡವನ ಮುಂದೆ ಬೇರೆ ಬಾಗಿಲುಗಳೂ ತೆರೆದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಆಯುರ್ವೇದ ಓದಿದವರು ಸೊಂಟ ಹಿಡಿಯುವುದನ್ನು ಕಟಿಗ್ರಹ ಎಂದು, ಸೊಂಟದಿಂದ ಕಾಲಿಗೆ ಎಳೆಯುವ ನೋವನ್ನು ಗೃಧ್ರಸಿ ಎಂದು ಬೇರೆಬೇರೆಯಾಗಿ ಗುರುತಿಸುತ್ತಿದ್ದರು. ಗರಡಿ ಒಂದೇ ಹೆಸರಿನಲ್ಲಿ ಕರೆದದ್ದನ್ನು ಶಾಸ್ತ್ರ ಎರಡಾಗಿ ಕಂಡಿತ್ತು. ಅಲೋಪಥಿಗೆ ಆ ಎಳೆಯುವ ನೋವಿನ ಮುಖ್ಯ ಕಾರಣ ಸ್ಪಷ್ಟವಾದದ್ದು 1934ರಲ್ಲಿ. ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್, ಕಶೇರುಕಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುವುದರಿಂದ ಕಾಲುನೋವು ಬರುತ್ತದೆಂದು ಪ್ರಕಟಿಸಿದರು. ಜನರ ಬಾಯಲ್ಲಿ ಇಂದು ಸಲೀಸಾಗಿ ಓಡಾಡುವ 'ಡಿಸ್ಕ್ ಜಾರಿದೆ' ಎಂಬ ಮಾತಿನ ಮೂಲ ಅಲ್ಲಿದೆ. ಈ ಹೊಸ ವಿದ್ಯೆಯ ಜೊತೆಗೆ ಒಂದು ಕಟ್ಟಪ್ಪಣೆಯೂ ಬಂತು. ಬೆನ್ನು ಹಿಡಿದವನು ಗಟ್ಟಿ ಹಲಗೆಯ ಮೇಲೆ ವಾರಗಟ್ಟಲೆ ಅಲುಗಾಡದೆ ಮಲಗಬೇಕು.

ಅದೇ 1934ರಲ್ಲಿ ಮೈಸೂರಿನಲ್ಲಿ ಕನ್ನಡ ಪುಸ್ತಕವೊಂದು ಹೊರಬಂದಿತ್ತು, ತಿರುಮಲೈ ಕೃಷ್ಣಮಾಚಾರ್ಯರ 'ಯೋಗ ಮಕರಂದ'. ನಾಲ್ವಡಿಯವರ ಆಶ್ರಯದಲ್ಲಿ ಅವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅರಮನೆಗೆ ಈ ವಿಷಯ ಹೊಸದಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗ ಹಿಡಿದು ಮಾಡುವ ಕಸರತ್ತುಗಳೂ ಅವುಗಳಲ್ಲಿ ಸೇರಿವೆ. 1896ರಲ್ಲಿ ಅಚ್ಚಾದ ಭಾರದ್ವಾಜರ 'ವ್ಯಾಯಾಮ ದೀಪಿಕೆ' ದಂಡದ ಬಗೆಗಳನ್ನು ವಿವರಿಸಿತ್ತು. ಮೈಸೂರು ಅರಮನೆಯ ಯೋಗಪರಂಪರೆಯ ಕುರಿತು ಪುಸ್ತಕ ಬರೆದ ಎನ್.ಇ. ಶೋಮನ್, ಕೃಷ್ಣಮಾಚಾರ್ಯರು ಕಲಿಸಿದ ಪದ್ಧತಿಯಲ್ಲಿ ಗರಡಿ ಮತ್ತು ವ್ಯಾಯಾಮಶಾಲೆಯ ಅಂಶಗಳು ಬೆರೆತಿವೆ ಎಂದು ವಾದಿಸಿದ್ದಾರೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಆದರೆ ಯೋಗಶಾಲೆಯೂ ಗರಡಿಯೂ ಒಂದೇ ಊರಿನ ಒಂದೇ ಗಾಳಿಯಲ್ಲಿ ಬೆಳೆದವು ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡ, ಬಿ.ಕೆ.ಎಸ್. ಅಯ್ಯಂಗಾರರು ಹೇಳಿಕೊಂಡ ಒಂದು ಘಟನೆ ಸಾಕು.

ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು ಹದಿಹರೆಯದಲ್ಲಿ, ಬಡಕಲು ಮೈ ಹೊತ್ತು ಮೈಸೂರಿಗೆ ಬಂದರು. ಕೃಷ್ಣಮಾಚಾರ್ಯರು ಅವರ ಅಕ್ಕನ ಗಂಡ. ಯೋಗಶಾಲೆಗೆ ಮದರಾಸಿನ ನ್ಯಾಯಾಧೀಶರೊಬ್ಬರು ಬಂದಿದ್ದ ದಿನ, ಗುರುಗಳು ಹುಡುಗನಿಗೆ ಹನುಮಾನಾಸನ ಮಾಡಿ ತೋರಿಸಲು ಹೇಳಿದರು. ಒಂದು ಕಾಲು ನೇರ ಮುಂದೆ, ಇನ್ನೊಂದು ನೇರ ಹಿಂದೆ, ನೆಲಕ್ಕೆ ಕೂರಬೇಕು. ಹುಡುಗ ಅದನ್ನು ಕಲಿತಿರಲಿಲ್ಲ. ತಪ್ಪಿಸಿಕೊಳ್ಳಲು, ಚಡ್ಡಿ ಬಿಗಿಯಾಗಿದೆ, ಕಾಲು ಚಾಚಲಾಗುವುದಿಲ್ಲ ಎಂದ. ಅವನು ತೊಟ್ಟಿದ್ದದ್ದು ಪೈಲ್ವಾನರು ತೊಡುವ ಹನುಮಾನ್ ಚಡ್ಡಿ. ಎದುರಾಳಿಗೆ ಹಿಡಿತ ಸಿಗಬಾರದೆಂದು ಒಂದು ಬೆರಳೂ ತೂರದಷ್ಟು ಬಿಗಿಯಾಗಿ ದರ್ಜಿಗಳು ಅದನ್ನು ಹೊಲಿಯುತ್ತಿದ್ದರು. ಗುರುಗಳು ಕತ್ತರಿ ತರಿಸಿ ಚಡ್ಡಿಯ ಎರಡೂ ಬದಿ ಕತ್ತರಿ ಹಾಕಿಸಿದರು. ಹುಡುಗ ಆಸನ ಮಾಡಿದ. ತೊಡೆಯ ಹಿಂದಿನ ಸ್ನಾಯುಗಳು ಹರಿದವು. ವರ್ಷಗಟ್ಟಲೆ ಸರಿಯಾಗಿ ನಡೆಯಲಾಗಲಿಲ್ಲ.

ಇದು ಸೊಂಟದ ಗಾಯವಲ್ಲ. ಆದರೂ ಮೈಸೂರಿನ ದೇಹಶಿಕ್ಷಣದ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಗಾಯ ಇನ್ನೊಂದಿಲ್ಲ. ಕಾಯಿಸದ ಮೈಯನ್ನು, ಕಲಿಯದ ಭಂಗಿಗೆ, ಗಣ್ಯರ ಎದುರಿಗೆ ದೂಡಿದ್ದರ ಫಲ ಅದು. ದಸರಾ ಜೋಡಿ ಗೊತ್ತಾಗಿ ಪೋಸ್ಟರ್‌ನಲ್ಲಿ ಫೋಟೊ ಬಂದಮೇಲೆ ಹಿಡಿದ ಸೊಂಟವನ್ನು ಮುಚ್ಚಿಟ್ಟುಕೊಂಡು ಅಖಾಡಕ್ಕೆ ಇಳಿಯುವ ಪೈಲ್ವಾನನ ಸಂಕಟವೂ ಇದೇ ಜಾತಿಯದು. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದರು. ಹಗ್ಗ, ಕುರ್ಚಿ, ದಿಂಬು, ಮರದ ಇಟ್ಟಿಗೆಗಳ ನೆರವಿನಿಂದ, ಕೈಲಾಗದವರೂ ನೋವಿಲ್ಲದೆ ಆಸನಕ್ಕೆ ಬರುವ ವಿಧಾನವನ್ನು ಅಲ್ಲಿ ರೂಪಿಸಿದರು. 1966ರಲ್ಲಿ ಬಂದ ಅವರ ದೊಡ್ಡ ಪುಸ್ತಕದ ಕೊನೆಯಲ್ಲಿ ಬೆನ್ನುನೋವು, ಸೊಂಟನೋವು, ಡಿಸ್ಕ್ ಜಾರುವಿಕೆಗಳಿಗೆ ಯಾವ ಯಾವ ಆಸನ ಎಂಬ ಪಟ್ಟಿಯೇ ಇದೆ. ಮೈಸೂರಿನಲ್ಲಿ ತನ್ನ ಮೈ ಹರಿದುಕೊಂಡ ಹುಡುಗ ಬೇರೆಯವರ ಬೆನ್ನು ಸರಿಮಾಡುವುದರಲ್ಲಿ ಜೀವನ ಕಳೆದರು.

ಇತ್ತ ಮೈಸೂರಿನ ಹುಡುಗರ ಆಟ ಬದಲಾಗುತ್ತಿತ್ತು. ಗರಡಿಗೆ ಹೋಗುತ್ತಿದ್ದ ಮೊಹಲ್ಲಾಗಳ ಮಕ್ಕಳು ಬ್ಯಾಟು ಚೆಂಡು ಹಿಡಿದು ಮೈದಾನಕ್ಕೆ ಹೋದರು. ಮರಿಮಲ್ಲಪ್ಪ ಶಾಲೆಯಲ್ಲಿ ಓದಿದ, 1969ರಲ್ಲಿ ಹುಟ್ಟಿದ ಜಾವಗಲ್ ಶ್ರೀನಾಥ್ ಈ ಊರು ಕೊಟ್ಟ ಅತಿ ವೇಗದ ಬೌಲರ್. 1997ರಲ್ಲಿ ಅವರ ಭುಜದ ಸ್ನಾಯು ಹರಿದು ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಆಟ ನಿಂತಿತು. ಮರಳಿ ಬಂದು 2003ರ ವಿಶ್ವಕಪ್‌ವರೆಗೆ ಆಡಿದರು, ಟೆಸ್ಟ್‌ನಲ್ಲಿ 236 ವಿಕೆಟ್ ಪಡೆದರು. ವೇಗದ ಬೌಲರ್‌ನ ಸೊಂಟಕ್ಕೆ ಪೈಲ್ವಾನನದಕ್ಕಿಂತ ಬೇರೆ ಬಗೆಯ ಗಂಡಾಂತರವಿದೆ. ಚೆಂಡು ಬಿಡುವ ಗಳಿಗೆಯಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗಿ ಮುಂದಕ್ಕೆ ಬೀಳುತ್ತದೆ. ಸಾವಿರಾರು ಸಲ ಹೀಗಾದಾಗ ಕೆಳಗಿನ ಕಶೇರುಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿಗೆ 1973ರಲ್ಲಿ ಆದದ್ದು ಇದೇ, ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ 2022ರಿಂದ ಸುಮಾರು ಒಂದು ವರ್ಷ ಆಟದಿಂದ ಹೊರಗುಳಿದದ್ದೂ ಇದರಿಂದಲೇ. ಪ್ರಸಿದ್ಧ್ 2023ರ ಆಗಸ್ಟ್‌ನಲ್ಲಿ ಐರ್ಲೆಂಡ್ ಪ್ರವಾಸದಲ್ಲಿ ಮತ್ತೆ ಭಾರತಕ್ಕೆ ಬೌಲ್ ಮಾಡಿದರು. ಇಂಥ ಬಿರುಕು ಉಜ್ಜುವುದರಿಂದ ಹೋಗುವುದಿಲ್ಲ, ಅದಕ್ಕೆ ಬೇಕಾದದ್ದು ಬೌಲಿಂಗ್‌ನಿಂದ ಬಿಡುವು. ಹದಿನೈದು ಹದಿನಾರು ವರ್ಷದ ಬೌಲರ್ ವಾರಗಟ್ಟಲೆ ಒಂದೇ ಕಡೆ ಸೊಂಟನೋವು ಎಂದರೆ ಮನೆಯವರು ಮುಲಾಮು ಹಚ್ಚಿ ಮತ್ತೆ ನೆಟ್ಸ್‌ಗೆ ಕಳಿಸಬಾರದು.

ಡಿಸ್ಕಿನ ವಿದ್ಯೆಯ ಜೊತೆ ಬಂದಿದ್ದ, ಹಲಗೆಯ ಮೇಲೆ ಮಲಗಿಸುವ ಆ ಅಪ್ಪಣೆ ಎಷ್ಟು ದಿನ ನಡೆಯಿತು? ಹೆಚ್ಚುಕಡಿಮೆ ಅರ್ಧ ಶತಮಾನ. 1986ರಲ್ಲಿ ಅಮೆರಿಕದ ರಿಚರ್ಡ್ ಡೆಯೊ ಮತ್ತು ಸಂಗಡಿಗರು ಬೆನ್ನುನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡು ದಿನದವರು ಕೆಲಸಕ್ಕೆ ಬೇಗ ಮರಳಿದರು. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಅಧ್ಯಯನ ಇನ್ನೂ ಮುಂದೆ ಹೋಯಿತು. ಮಲಗಿದವರಿಗಿಂತಲೂ, ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ, ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಓಡಾಟ ನಡೆಸಿಕೊಂಡು ಹೋದವರೇ ಬೇಗ ಸುಧಾರಿಸಿದರು.

ಇಲ್ಲಿ ಗರಡಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸಬೇಕು. ಗರಡಿಯ ಬದುಕು ಮಲಗುವ ಬದುಕಲ್ಲ. ಪೆಟ್ಟಾದವನು ಮನೆಯಲ್ಲಿ ಒಂಟಿಯಾಗಿ ಹಾಸಿಗೆ ಹಿಡಿಯದೆ, ಮಣ್ಣಿನ ವಾಸನೆಯಲ್ಲಿ, ಜೊತೆಯವರ ಮಾತಿನಲ್ಲಿ, ಉಸ್ತಾದರ ಕಣ್ಣಳತೆಯಲ್ಲಿ ಇರುತ್ತಿದ್ದ. ಆಸ್ಪತ್ರೆಯ ವಿದ್ಯೆ ದಾರಿ ತಪ್ಪಿದ್ದ ದಶಕಗಳಲ್ಲಿ ಈ ಒಂದು ವಿಷಯದಲ್ಲಿ ಗರಡಿಯ ರೂಢಿಯೇ ಮೈಗೆ ಹತ್ತಿರವಾಗಿತ್ತು. ಹೆಲ್ಸಿಂಕಿಯ ಫಲಿತಾಂಶದ ಇನ್ನೊಂದು ಮುಖವೂ ಇದೆ. ಹಿಡಿದ ಮೊದಲ ದಿನಗಳಲ್ಲೇ ಬಸ್ಕಿ ಹೊಡೆಸಿ ಬೆನ್ನು ಬಿಡಿಸಹೊರಟ ಉಸ್ತಾದರಿದ್ದರೆ ಅವರನ್ನು ಅದು ಸಮರ್ಥಿಸುವುದಿಲ್ಲ.

ದಸರಾ ಕುಸ್ತಿ ಇಂದಿಗೂ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುತ್ತದೆ. ಮಣ್ಣಿನ ನಾಡಕುಸ್ತಿಯ ಜೊತೆಗೆ ಮ್ಯಾಟ್ ಕುಸ್ತಿ ಬಂದಿದೆ. ದಸರಾ ಕಂಠೀರವ, ದಸರಾ ಕೇಸರಿ ಬಿರುದುಗಳ ಸಾಲಿಗೆ ಹೆಣ್ಣುಮಕ್ಕಳ ದಸರಾ ಕಿಶೋರಿಯೂ ಸೇರಿದೆ. ಗರಡಿಗಳಲ್ಲಿ ಹಲವು ಬಾಗಿಲು ಹಾಕಿವೆ, ಕೆಲವು ಜಿಮ್‌ಗೆ ಜಾಗ ಬಿಟ್ಟುಕೊಟ್ಟಿವೆ. ಸೊಂಟ ಹಿಡಿದವನಿಗೆ ಈಗ ಊರಿನಲ್ಲಿ ಎಂಆರ್‌ಐ ಇದೆ, ಫಿಸಿಯೋಥೆರಪಿ ಕಾಲೇಜು ಇದೆ, ಆಂಧ್ರದ ಪುತ್ತೂರಿನ ಹೆಸರು ಹೊತ್ತ 'ಪುತ್ತೂರು ಕಟ್ಟು' ಬೋರ್ಡುಗಳೂ ಇವೆ. ಕೈಕಾಲಿನ ಮೂಳೆಗೆ ಹೆಸರಾದ ಆ ಕಟ್ಟನ್ನು ನಂಬಿ ಬೆನ್ನೆಲುಬನ್ನು ಒಪ್ಪಿಸುವುದು ಸರಿಯಲ್ಲ. ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಪಾದ ಎತ್ತಿ ಇಡಲಾಗದಿದ್ದರೆ, ನೋವಿನ ಜೊತೆ ಜ್ವರ ಬಂದರೆ ಎಣ್ಣೆ, ಶಾಖ, ಕಟ್ಟು ಯಾವುದಕ್ಕೂ ಹೊತ್ತಿಲ್ಲ. ಆ ದಿನವೇ ಆಸ್ಪತ್ರೆ ಸೇರಬೇಕು.

ಇಂಥ ಲಕ್ಷಣಗಳಿಲ್ಲದ, ಮುಂದೆ ಬಗ್ಗಿದರೆ ಹೆಚ್ಚಾಗುವ ನೋವಿಗೆ ಫಿಸಿಯೋಥೆರಪಿಸ್ಟರು ಹೇಳಿಕೊಡುವ ವ್ಯಾಯಾಮಗಳಲ್ಲಿ ಒಂದು ನ್ಯೂಜಿಲೆಂಡ್‌ನ ರಾಬಿನ್ ಮೆಕೆಂಜಿ ಹೆಸರಿನದು. 1956ರಲ್ಲಿ ವೆಲಿಂಗ್ಟನ್‌ನ ಅವರ ಚಿಕಿತ್ಸಾಲಯಕ್ಕೆ ಬಂದ ಬೆನ್ನುನೋವಿನ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿಟ್ಟಿದ್ದ ಮೇಜಿನ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿಯಲ್ಲೇ ಅವನ ಕಾಲುನೋವು ತಗ್ಗಿತು. ಮೆಕೆಂಜಿ ಅದರಿಂದ ಒಂದು ಪದ್ಧತಿಯನ್ನೇ ಕಟ್ಟಿದರು. ಬೋರಲು ಮಲಗಿ, ಸೊಂಟ ನೆಲಕ್ಕೆ ಬಿಟ್ಟು, ಕೈ ಊರಿ ಎದೆ ಎತ್ತುವುದು ಅದರ ಮುಖ್ಯ ಚಲನೆ. ಯೋಗ ಬಲ್ಲವರಿಗೆ ಅದರಲ್ಲಿ ಭುಜಂಗಾಸನ ಕಾಣುತ್ತದೆ, ಗರಡಿಯವರಿಗೆ ದಂಡದ ಉತ್ತರಾರ್ಧ ಕಾಣುತ್ತದೆ. ನಿತ್ಯ ದಂಡ ಹೊಡೆದು ಬೆಳೆದ ಪೈಲ್ವಾನ್ ಕ್ಲಿನಿಕ್ಕಿಗೆ ಬಂದರೆ ಅವನಿಗೆ ಈ ಚಲನೆಯನ್ನು ಕಲಿಸುವ ಕೆಲಸವಿಲ್ಲ. ನೂರಕ್ಕೆ ಹೋಗಬೇಡ, ಹತ್ತಕ್ಕೆ ನಿಲ್ಲಿಸು, ನೋವು ಕಾಲಿಗಿಳಿದರೆ ಅಲ್ಲಿಗೇ ಬಿಡು ಎಂದು ಮಾತ್ರ ಹೇಳಬೇಕಾಗುತ್ತದೆ.